ಕೊನೆಯ ಪದ ಬಿಟ್ಟು ಓದುವುದು

ನಮ್ಮ ಮನೆತನದಲ್ಲಿ ಓದು ಕಾಕಾರ ಪಾಲಿಗೆ ಬಂದಿತ್ತು, ಮಾತು ಉಳಿದವರ ಪಾಲಿಗೆ. ಯಾರೂ ಕೂತು ಹಂಚಿದ್ದಲ್ಲ, ಹಾಗೆ ಆಗಿಹೋಗಿತ್ತು. ಮಹಾರಾಷ್ಟ್ರದ ಗಡಿಗೆ ಹತ್ತಿದ ನಮ್ಮೂರು ಡಾಬಕಾದ ಹಳೆಯ ಮನೆಯಲ್ಲಿ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಮೊರದಲ್ಲಿ ತೊಗರಿ ಹಸನು ಮಾಡುತ್ತ ಕತೆ ಹೇಳುತ್ತಿದ್ದಳು. ಅರ್ಧ ಕನ್ನಡ, ಕಾಲು ಮರಾಠಿ, ಇನ್ನು ಕಾಲು ನಿಜಾಮನ ಕಾಲದಿಂದ ಬಾಯಲ್ಲೇ ಉಳಿದುಬಿಟ್ಟ ಉರ್ದು. ಎದುರಿಗೆ ಕೂತ ನಾನು ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. "ಮಲಗಿದೇನ ಏ ಹುಡುಗಿ? ನಾ ಏನ್ ಮೊರಕ್ಕ ಹೇಳಕತ್ತೀನೇನ?" ಎಂದು ಬೈಯುತ್ತಿದ್ದಳು. ನನಗೆ ಭಾಷೆ ಬಂದದ್ದು ಹೀಗೆ, ಕಿವಿಯ ದಾರಿಯಿಂದ. ಇಂದಿಗೂ ಯಾರಾದರೂ ಒಂದು ಸಂಗತಿ ಹೇಳಿದರೆ ಅದನ್ನು ನಾಲ್ಕು ಮನೆಗಳಲ್ಲಿ ನಾಲ್ಕು ಬಗೆಯಲ್ಲಿ ಹೇಳಬಲ್ಲೆ. ಅದೇ ಸಂಗತಿ ಪುಸ್ತಕದಲ್ಲಿದ್ದರೆ ಎರಡನೇ ಪುಟದಲ್ಲಿ ಕಣ್ಣು ಬೇರೆ ಎಲ್ಲಿಗೋ ಹೋಗುತ್ತದೆ.

ಕಾಕಾ ಅಪ್ಪನ ತಮ್ಮ. ಆ ಮನೆಯಿಂದ ಮೊದಲು ಶಾಲೆ ಕಲಿತವರು. ಕನ್ನಡ ಮಾಸ್ತರರಾಗಿ ಭಾಲ್ಕಿಗೆ ಹೋಗಿ ಅಲ್ಲೇ ಮನೆ ಮಾಡಿದರು. ಹೈಸ್ಕೂಲಿಗೆಂದು ನನ್ನನ್ನು ಅವರ ಮನೆಯಲ್ಲಿ ಬಿಟ್ಟಾಗ ಮೊದಲ ದಿನದಿಂದಲೇ ಪಾಠ ಶುರುವಾಯಿತು. ಬೆಳಿಗ್ಗೆ ಚಹಾ ಕುಡಿದ ಮೇಲೆ ಒಂದು ಪುಟ ಗಟ್ಟಿಯಾಗಿ ಓದಬೇಕು. ನಾನು ಓದುವುದಕ್ಕಿಂತ ಹೆಚ್ಚಾಗಿ ಊಹಿಸುತ್ತಿದ್ದೆ. ಪುಸ್ತಕದಲ್ಲಿ 'ಹೋದನು' ಎಂದಿದ್ದರೆ ನನ್ನ ಬಾಯಿ 'ಹ್ವಾದ' ಅನ್ನುತ್ತಿತ್ತು. 'ಕುಳಿತನು' ಎಂದಿದ್ದರೆ 'ಕುಂತ'. ಕಾಕಾ ಹೊಡೆಯುವ ಮಾಸ್ತರರಲ್ಲ. ಮೇಜಿನ ಮೇಲೆ ಬೆರಳಿನಿಂದ ಒಂದೇ ಸಲ ಬಡಿಯುತ್ತಿದ್ದರು, ಅಷ್ಟೆ. ನಾನು ಹಿಂದೆ ಹೋಗಿ ಆ ಪದವನ್ನು ಇದ್ದ ಹಾಗೆ ಓದಬೇಕು.

"ನೀವೂ ಮನ್ಯಾಗ ಕುಂತ ಅಂತೀರಲ್ರಿ ಕಾಕಾ," ಎಂದು ಒಮ್ಮೆ ವಾದಿಸಿದ್ದೆ.

"ಮನ್ಯಾಗ ಅಂತೇನಿ. ಹಾಳಿ ಮ್ಯಾಲ ಅನ್ನಂಗಿಲ್ಲ. ನಾಳಿ ನೀ ಯಾವುದರೆ ಕಚೇರ್ಯಾಗ ಓದ್ತಿರ್ತಿ. ನಿನ್ನ ಬಾಯಿ ನೋಡಿ ಯಾರೂ ನಗಬಾರದು."

ಮಾಸ್ತರಿಕೆಯ ತರಬೇತಿಗೆ ಹೋದಾಗ ಅವರು ಎದ್ದು ನಿಂತು ಓದಿದ ಮೊದಲ ಪುಟಕ್ಕೆ ಇಡೀ ಕೋಣೆ ನಕ್ಕಿತ್ತಂತೆ. ಇದನ್ನು ಕಾಕಾ ಹೇಳಲಿಲ್ಲ, ಕಾಕಿ ಹೇಳಿದ್ದು. ಆಮೇಲೆ ಯಾರೂ ನಗದ ಹಾಗೆ ಓದುವುದನ್ನು ಅವರು ಕಲಿತರು. ಎಷ್ಟರ ಮಟ್ಟಿಗೆ ಕಲಿತರೆಂದರೆ, ಅವರ ಓಣಿಯ ಬುದ್ಧ ವಿಹಾರದಲ್ಲಿ ಮಳೆಗಾಲದ ಓದು ಅವರದೇ ಆಯಿತು. ಆಷಾಢದ ಹುಣ್ಣಿಮೆಯಿಂದ ಮೂರು ತಿಂಗಳು ಅಲ್ಲಿ ದಿನಾ ಸಂಜೆ ಬುದ್ಧನ ಬದುಕು ಹೇಳುವ ದಪ್ಪ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾರೆ. ನಮ್ಮವರು ಅದಕ್ಕೆ ಬರೀ ಗ್ರಂಥ ಅನ್ನುತ್ತಾರೆ. ಬಿಳಿ ಸೀರೆಯ ಹೆಂಗಸರು ಮುಂದೆ, ಗಂಡಸರು ಗೋಡೆಗೆ ಒರಗಿ ಹಿಂದೆ. ಎಲ್ಲರ ಎದುರಿಗೆ ಚಿಕ್ಕ ವ್ಯಾಸಪೀಠದಂಥ ಹಲಗೆಯ ಹಿಂದೆ ಕಾಕಾ. ನಾಲಿಗೆ ತೊಡರದೆ, ಒಂದು ಅಕ್ಷರ ನುಂಗದೆ, ಮಳೆಯ ಸದ್ದಿನ ಮೇಲೆ ಕೇಳುವ ಹಾಗೆ ಓದುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಇದ್ದ ಕೆಲಸ ಅದೊಂದೇ. ಉಳಿದ ಒಂಬತ್ತು ತಿಂಗಳು ಅದರ ದಾರಿ ಕಾಯುವುದು.

ನಾನು ಮಾತ್ರ ಓದುವವಳಾಗಲಿಲ್ಲ. ನೌಕರಿ ಸಿಕ್ಕಿತು, ಬೀದರದಲ್ಲಿ ಸಂಸಾರ ಆಯಿತು, ಔರಾದಿನ ಕಚೇರಿಗೆ ದಿನಾ ಬಸ್ಸು. ಪುಸ್ತಕ ಪ್ರದರ್ಶನ ಬಂದಾಗಲೆಲ್ಲ ಕಾಕಾರ ನೆನಪಾಗಿ ನಾಲ್ಕು ಪುಸ್ತಕ ತರುತ್ತಿದ್ದೆ. ಬಸ್ಸಿನಲ್ಲಿ ತೆರೆದರೆ ಜನವಾಡ ದಾಟುವುದರೊಳಗೆ ನಿದ್ದೆ. ಮಾಂಜ್ರಾ ಸೇತುವೆಯ ಮೇಲೆ ಬಸ್ಸು ಕುಲುಕಿದಾಗ ಎಚ್ಚರವಾಗಿ, ಎಲ್ಲಿದ್ದೆ ಎಂದು ಹುಡುಕಿ, ಸಿಗದೆ, ಮೊಬೈಲ್ ತೆಗೆಯುತ್ತಿದ್ದೆ. ಹೊಸ ವರ್ಷಕ್ಕೊಮ್ಮೆ, ಯುಗಾದಿಗೊಮ್ಮೆ, ನಾಳೆಯಿಂದ ದಿನಾ ಓದುತ್ತೇನೆ ಎಂದು ನಿಶ್ಚಯ ಮಾಡುವುದು. ರೂಢಿಯಾಗುವುದಕ್ಕೆ ನಮ್ಮ ಕಡೆ ಆದತ್ ಬೀಳುವುದು ಅನ್ನುತ್ತಾರೆ. ನನಗೆ ನಿಶ್ಚಯ ಮಾಡುವ ಆದತ್ ಬಿತ್ತು, ಓದುವುದು ಬೀಳಲಿಲ್ಲ.

ಇದೆಲ್ಲ ನಗುವ ಸಂಗತಿಯಾಗಿಯೇ ಉಳಿಯುತ್ತಿತ್ತು, ಕಾಕಾರಿಗೆ ಲಕ್ವಾ ಹೊಡೆಯದಿದ್ದರೆ.

ಸಂಕ್ರಾಂತಿ ಆದ ವಾರ. ಬೆಳಿಗ್ಗೆ ಅಂಗಳದಲ್ಲಿ ಕೂತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿನ್ನುತ್ತಿದ್ದವರ ಕೈಯಿಂದ ರೊಟ್ಟಿ ಬಿತ್ತು. ಏನಾಯಿತೆಂದು ಕಾಕಿ ಕೇಳಿದರೆ ಬಾಯಿ ಸೊಟ್ಟಗಾಗಿ ಸದ್ದು ಬಂತು, ಮಾತು ಬರಲಿಲ್ಲ. ಬೀದರಕ್ಕೆ ತಂದೆವು. ಜೀವ ಉಳಿಯಿತು. ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಸೋತುಹೋಯಿತು. ಮಾತು ಮಾತ್ರ ಎಲ್ಲೋ ಒಳಗೆ ಸಿಕ್ಕಿಕೊಂಡಿತು. ನಾವು ಹೇಳುವುದು ಅವರಿಗೆ ತಿಳಿಯುತ್ತಿತ್ತು. ತಿರುಗಿ ಹೇಳಲು ಹೋದರೆ ಅ, ಅ, ಎಂಬುದರ ಮುಂದೆ ದಾಟುತ್ತಿರಲಿಲ್ಲ. ಪುಸ್ತಕ ಕೈಗೆ ಕೊಟ್ಟರೆ ಅಕ್ಷರ ಕಾಣುತ್ತವೆ ಎಂದು ಗೋಣು ಹಾಕುತ್ತಿದ್ದರು, ಓದಲು ಬಾಯಿ ತೆರೆದು ಹಾಗೇ ಕೂರುತ್ತಿದ್ದರು. ದವಾಖಾನೆಗೆ ಹತ್ತಿರ ಎಂದು ಅವರನ್ನೂ ಕಾಕಿಯನ್ನೂ ನಮ್ಮ ಮನೆಯಲ್ಲಿ ಇರಿಸಿಕೊಂಡೆವು.

ಮಾತು ಕಲಿಸುವ ಡಾಕ್ಟರರು ಮೈಸೂರು ಕಡೆಯ ಹುಡುಗಿ. ನಗುಮುಖ, ಅವಸರದ ಮಾತು.

"ಮನೇಲಿ ಇವರಿಗೆ ದಿನಾ ಓದಿ ಹೇಳೋರು ಯಾರಿದೀರಾ?" ಎಂದು ಕೇಳಿದರು.

ಕಾಕಿ ನನ್ನ ಕಡೆ ಬೆರಳು ಮಾಡಿದಳು. "ಇಕಿ ಅದಾಳ್ರಿ. ಇಕಿಗೆ ಮಾತಂದ್ರ ಜೀವ."

"ಮಾತಲ್ಲಮ್ಮ, ಓದೋದು."

"ಎರಡೂ ಬಾಯಿಲಿಂದೇ ಮಾಡೂದಲ್ಲೇನ್ರಿ?"

ಡಾಕ್ಟರರು ನಕ್ಕು, ಹೇಗೆ ಓದಬೇಕೆಂದು ತೋರಿಸಿದರು. ಸಣ್ಣ ವಾಕ್ಯಗಳ ಕತೆ ತೆಗೆದುಕೊಳ್ಳಿ. ಗಟ್ಟಿಯಾಗಿ ಓದಿ. ಪ್ರತಿ ವಾಕ್ಯದ ಕೊನೆಯ ಪದ ಬಿಟ್ಟು ನಿಲ್ಲಿ. ಅವರು ಆ ಪದ ತುಂಬಲಿ, ಕಾಯಿರಿ. ತಪ್ಪು ಪದ ಬಂದರೆ ಬೈಯಬೇಡಿ, ಸರಿಯಾದ ಪದ ನೀವೇ ಒಮ್ಮೆ ಹೇಳಿ ಮುಂದೆ ಹೋಗಿ. ಮುಖ್ಯ ಅಂದರೆ ದಿನಾ ಮಾಡಬೇಕು. ಇವತ್ತು ಬಿಟ್ಟು ನಾಳೆ ಎರಡು ಪಾಲು ಮಾಡಿದರೆ ನಡೆಯುವುದಿಲ್ಲ. ಬಿಟ್ಟಷ್ಟೂ ಹಿಂದೆ ಹೋಗುತ್ತದೆ.

ಮನೆಗೆ ಬಂದ ಮೇಲೆ ಕಾಕಾ ಗೋಡೆಯ ಕ್ಯಾಲೆಂಡರಿನ ಹತ್ತಿರ ಕಾಲೆಳೆಯುತ್ತ ಹೋದರು. ಎಡಗೈಯಿಂದ ಹಾಳೆ ಎತ್ತುತ್ತ ಎತ್ತುತ್ತ ಆಷಾಢದ ಹುಣ್ಣಿಮೆಯ ಮೇಲೆ ಬೆರಳಿಟ್ಟರು. ತಿರುಗಿ ನನ್ನನ್ನು ನೋಡಿದರು.

"ಮಳಿಗಾಲಕ್ಕ ಗ್ರಂಥ ತಾವೇ ಓದಬೇಕಂತ," ಅಂದಳು ಕಾಕಿ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, "ಆತ್ರಿ, ಓದೀರಂತ. ಮೊದಲ ನೀರು ಬೇಕು ಅನ್ನಲಾಕ ಕಲೀರಿ," ಅಂದಳು.

ಮರುದಿನದಿಂದ ಓದು ಶುರು. ಓಣಿಯ ಅಂಗಡಿಯಿಂದ ಮಕ್ಕಳ ಕತೆಗಳ ಪುಸ್ತಕ ತಂದೆ. ಬೆಳಿಗ್ಗೆ ಚಹಾ ಆದ ಮೇಲೆ, ನನ್ನ ಬಸ್ಸಿಗೆ ಮೊದಲು, ಹೊರಗಿನ ಪಡಸಾಲೆಯಲ್ಲಿ ಎದುರುಬದುರು ಎರಡು ಖುರ್ಚಿ. ನಾನು ಓದುತ್ತಿದ್ದೆ: "ರಾಜನು ಬೇಟೆಗೆ..." ನಿಲ್ಲುತ್ತಿದ್ದೆ. ಕಾಕಾರ ಗಂಟಲಲ್ಲಿ ಏನೋ ಏರಿ ಇಳಿಯುತ್ತಿತ್ತು, ಹಣೆಯಲ್ಲಿ ನರ ಎದ್ದು ಕಾಣುತ್ತಿತ್ತು. ಅಷ್ಟು ಹೊತ್ತು ಸುಮ್ಮನೆ ಕೂರುವುದು ನನ್ನಂಥ ಬಾಯಿಬಡಕಿಗೆ ಎಂಥ ಶಿಕ್ಷೆ ಎಂದು ಹೇಳಲಾರೆ. ಕೊನೆಗೆ ನಾನೇ "ಹೋದನು" ಎಂದು ಮುಂದಕ್ಕೆ ಹೋಗುತ್ತಿದ್ದೆ.

ಎದುರು ಮನೆಯ ಖಾಲಾ, ಬ್ಲೌಸ್ ಹೊಲಿಯುವಾಕೆ, ಬಾಗಿಲಲ್ಲಿ ಮಿಷನ್ ಹಾಕಿಕೊಂಡು ಕೂತು ಎಲ್ಲ ನೋಡುತ್ತಿದ್ದಳು. "ಕ್ಯಾ ಮಾಸ್ಟರ್ ಸಾಬ್, ಆಜ್ ಸಬಕ್ ಆತೇನ್ರಿ?" ಎಂದು ದಿನದ ಪಾಠ ವಿಚಾರಿಸಿ ಕೂಗುವಳು. ಕಾಕಾ ಎಡಗೈ ಎತ್ತಿ, ಇನ್ನೂ ಇಲ್ಲ ಎಂದು ಆಡಿಸುವರು. "ಹೋಗ್ಲಿ ಬಿಡ್ರಿ. ನನಗ ಸೂಜ್ಯಾಗ ದಾರ ಹಾಕಲಾಕ ಅರ್ಧಾ ದಿನ ಹೋಗ್ತದ. ನಿಮ್ಮದು ಬಾಯಿ. ಟೈಮ್ ತಗೋತದ."

ಮಾಘ ಮಾಸ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ನಾನು "ಹುಡುಗನು ಮರದ ಕೆಳಗೆ..." ಎಂದು ನಿಂತೆ. ಕಾಕಾ ತುಟಿ ಕೂಡಿಸಿ ಬಿಡಿಸಿ, "ಕುಂತ," ಅಂದರು.

ಸ್ಪಷ್ಟವಾಗಿ. ಆಯಿಯ ಬಾಯಿಂದ ಬಂದ ಹಾಗೆ. ಒಳಗಿನಿಂದ ಕಾಕಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಆದರೆ ನನ್ನ ಬಾಯಿ ಏನು ಹೇಳಿತು ಗೊತ್ತೇ? "ಕುಳಿತನು, ಕಾಕಾ. ಕುಳಿತನು ಅನ್ರಿ."

ಡಾಕ್ಟರರು ಹೇಳಿದ್ದರಲ್ಲ, ತಪ್ಪು ಬಂದರೆ ಸರಿ ಪದ ಹೇಳಿ ಎಂದು. ಹಾಳೆಯ ಮೇಲೆ ಕುಂತ ಅನ್ನುವುದು ತಪ್ಪು ಎಂದು ನನಗೆ ಕಲಿಸಿದವರು ಎದುರಿಗೇ ಇದ್ದರು. ಅವರೂ ಗೋಣು ಹಾಕಿದರು, ಹೌದು ತಪ್ಪಾಯಿತು ಎಂಬಂತೆ. ಕು, ಕು, ಎಂದು ಶುರು ಮಾಡಿದರು. ಬರಲಿಲ್ಲ. ಬೆವರಿದರು. ಬಸ್ಸಿನ ಹೊತ್ತಾಯಿತು ಎಂದು ನಾನು ಎದ್ದೆ.

"ಅಂದಾರಲ್ಲ ಕುಂತ ಅಂತ. ಮತ್ತೇನ್ ಬೇಕು ನಿನಗ?" ಅಂದಳು ಕಾಕಿ.

"ಓದೂದು ಅಂದ್ರ ಹಂಗಲ್ಲ ಕಾಕಿ."

ಹೀಗೆ ನಡೆಯಿತು. ಹ್ವಾದ ಅಂದರೆ ಹೋದನು. ಬಂದ್ರು ಅಂದರೆ ಬಂದರು. ಅವರ ಒಳಗಿನಿಂದ ಒಂದೊಂದೇ ಪದ ತೆವಳಿಕೊಂಡು ಹೊರಗೆ ಬರುವುದು, ನಾನು ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸುವುದು. ಅದನ್ನು ಅವರು ಮೆಚ್ಚಿಕೊಂಡೇ ಒಪ್ಪುತ್ತಿದ್ದರು ಎಂಬುದೇ ನನಗೆ ಧೈರ್ಯ. ಚಿಕ್ಕಂದಿನಲ್ಲಿ ನಾನು ತಪ್ಪಿದಾಗ ಮೇಜಿನ ಮೇಲೆ ಬೀಳುತ್ತಿದ್ದ ಆ ಬೆರಳನ್ನು ಈಗ ತಮ್ಮ ತೊಡೆಯ ಮೇಲೆ ತಾವೇ ಬಡಿದುಕೊಳ್ಳುತ್ತಿದ್ದರು.

ಅಷ್ಟಾದರೂ ದಿನಾ ನಡೆದಿದ್ದರೆ ಏನಾಗುತ್ತಿತ್ತೋ. ನಡೆಯಲಿಲ್ಲ. ನಮ್ಮ ಓಣಿಗೆ ನಳದ ನೀರು ಬರುವುದಕ್ಕೆ ಹೊತ್ತಿಲ್ಲ, ವಾರವಿಲ್ಲ. ಬಂದರೆ ಬರುವುದು ಬೆಳಿಗ್ಗೆಯೇ. ನಳ ಬಂತು ಎಂಬ ಕೂಗು ಬಿದ್ದರೆ ರಾಜನು ಬೇಟೆಗೆ ಹೋಗುವುದು ಅಲ್ಲೇ ನಿಂತು, ನಾನು ಕೊಡ, ಬಕೀಟು, ಡ್ರಮ್ಮು ಎಂದು ಓಡಬೇಕು. ತುಂಬಿಸಿ ಬರುವಷ್ಟರಲ್ಲಿ ಬಸ್ಸಿನ ಹೊತ್ತು. ಮಾರ್ಚಿನಲ್ಲಿ ಕಚೇರಿಯ ವರ್ಷದ ಲೆಕ್ಕ, ಬೆಳಗಿನ ಬಸ್ಸಿಗೇ ಹೋಗಬೇಕು. ಅದು ಮುಗಿಯಿತೆಂದರೆ ಮನ್ನಳ್ಳಿಯಲ್ಲಿ ನಾದಿನಿಯ ಮನೆಯ ಮದುವೆ, ಕೈಗೆ ಮೆಹಂದಿ, ಮನೆ ತುಂಬ ಜನ. ಸಂಜೆ ಓದೋಣ ಎಂದು ಬಂದರೆ ಕಾಕಾರಿಗೆ ದಣಿವು, ನನಗೂ ದಣಿವು. ಇಬ್ಬರೂ ಖುರ್ಚಿಯಲ್ಲಿ ಕೂತು ಟಿವಿ ನೋಡುವುದು. ಒಂದು ದಿನ ತಪ್ಪಿದರೆ ಮರುದಿನ ಖುರ್ಚಿ ಎದುರುಬದುರು ಹಾಕುವುದೇ ಭಾರ. ಎರಡು ದಿನ ತಪ್ಪಿದರೆ ಆ ಖುರ್ಚಿಯ ಮೇಲೆ ಯಾರೋ ಒಗೆದ ಬಟ್ಟೆ ಇಟ್ಟಿರುತ್ತಾರೆ. ಹೀಗೆ ವಾರ ಕಳೆದು ಮತ್ತೆ ಪುಸ್ತಕ ತೆರೆದಾಗ, ಮೊದಲು ಬಂದಿದ್ದ ಕುಂತವೂ ಇರುತ್ತಿರಲಿಲ್ಲ. ಮತ್ತೆ ಅ, ಅ. ಕಾಕಾ ನನ್ನನ್ನು ಬೈಯುವ ಹಾಗಿದ್ದರೆ ಒಳ್ಳೆಯದಿತ್ತು. ಕ್ಯಾಲೆಂಡರ್ ಕಡೆ ಒಮ್ಮೆ ನೋಡುತ್ತಿದ್ದರು.

ಬೈಯುವ ಕೆಲಸ ಕಾಕಿ ವಹಿಸಿಕೊಂಡಿದ್ದಳು. "ನಿನ್ನ ಓದು ನಿಮ್ಮ ಬೀದರ ನಳ ಇದ್ದಂಗ ಅದ ನೋಡು. ಬಂದ್ರ ಧೋ ಅಂತದ. ಇಲ್ಲಂದ್ರ ವಾರಗಟ್ಟಲೆ ಕೊಡ ಒಣಗ್ತಾವ."

"ನೀ ಓದ ಮತ್ತ ಕಾಕಿ, ದಿನಾ ಮನ್ಯಾಗೇ ಇರ್ತಿ."

"ನನಗ ಓದಾಕ ಬರ್ತಿದ್ರ ನಿನ್ನ ಕಾಲ್ಯಾಕ ಬೀಳ್ತಿದ್ದೆ?"

ನಾನು ಖುರ್ಚಿಯ ಮೇಲಿನ ಬಟ್ಟೆ ಎತ್ತಿ ಪುಸ್ತಕ ತೆರೆದೆ.

ಮೇ ಕಳೆದು ಮೊದಲ ಮಳೆ ಬಿದ್ದ ಮೇಲೆ ಮತ್ತೆ ಡಾಕ್ಟರರ ಹತ್ತಿರ ಹೋದೆವು. ಎಷ್ಟು ಸುಧಾರಣೆ ಎಂದು ನೋಡಲು ಅವರು ತಾವೇ ಒಂದು ಸಾಲು ಹೇಳಿ ನಿಂತರು. ಕಾಕಾ ಯೋಚಿಸಿ, "ಕುಂತ," ಅಂದರು. ಅಂದದ್ದೇ ತಡ, ತಲೆ ಜೋರಾಗಿ ಅಲ್ಲಾಡಿಸಿ ಬೆರಳಿನಿಂದ ತೊಡೆಗೆ ಬಡಿದುಕೊಂಡರು.

"ಯಾಕೆ ಸರ್? ಸರಿಯಾಗೇ ಹೇಳಿದ್ರಲ್ಲ," ಅಂದರು ಡಾಕ್ಟರರು.

"ಕುಳಿತನು ಆಗಬೇಕಿತ್ತಲ್ರಿ," ಅಂದೆ ನಾನು.

ಅವರು ನನ್ನನ್ನು ನೋಡಿದರು. "ಮನೇಲಿ ಹೀಗೇ ತಿದ್ತಾ ಇದೀರಾ?"

"ನೀವೇ ಹೇಳೀರಿ, ತಪ್ಪು ಬಂದ್ರ ಸರಿ ಪದ ಹೇಳ್ರಿ ಅಂತ."

"ಅಯ್ಯೋ! ಕುಳಿತನು ಅನ್ನೋ ಕಡೆ ಗೋಡೆ ಅಂತಲೋ ಬೆಕ್ಕು ಅಂತಲೋ ಬಂದರೆ ತಿದ್ದಿ ಅಂದಿದ್ದು. ಕುಂತ ಅಂದರೆ ಕೂತ ಅಂತ ತಾನೇ? ಅದು ಅವರ ಮಾತು. ಮನೆ ಮಾತು ಮೊದಲು ಬರುತ್ತೆ. ಅದು ಬಂದಾಗ ಭೇಷ್ ಅನ್ನಬೇಕಿತ್ತು ನೀವು."

ಕಾಕಿ, "ನಾ ಅವತ್ತಿನಿಂದ ಬಡ್ಕೊಳ್ಳಕತ್ತೀನಿ," ಎಂದು ಶುರು ಮಾಡಿ, ಕಾಕಾರ ಮುಖ ನೋಡಿ ಅಲ್ಲಿಗೇ ಬಿಟ್ಟಳು.

ನಾನೂ ನೋಡಿದೆ. ನನಗೆ ಅನ್ನಿಸಿದ್ದು, ಈಗ ಅವರಿಗೆ ಹಗುರಾಗುತ್ತದೆ, ಇಷ್ಟು ದಿನ ಹೇಳಿದ್ದೆಲ್ಲ ಸರಿಯೇ ಇತ್ತೆಂದು ತಿಳಿಯಿತಲ್ಲ ಎಂದು. ಆದರೆ ಆ ಮುಖದಲ್ಲಿ ಅವಮಾನ ಇತ್ತು. ನೆಲ ನೋಡುತ್ತ ಕೂತಿದ್ದರು, ಅಂಕ ಕಡಿಮೆ ಬಂದ ಹುಡುಗನಿಗೆ ಹೋಗಲಿ ಪಾಸು ಮಾಡೋಣ ಎಂದು ದೊಡ್ಡವರು ಪಿಸುಗುಟ್ಟುವಾಗ ಅವನು ಕೂರುವ ಹಾಗೆ.

ಮರುದಿನ ಬೆಳಿಗ್ಗೆ ನಾನು ಹುರುಪಿನಿಂದ ಖುರ್ಚಿ ಹಾಕಿದೆ. "ಇನ್ನ ಮ್ಯಾಲ ನೀವ್ ಹ್ಯಾಂಗ ಅಂತೀರಿ ಹಂಗೇ ಸರಿ ಕಾಕಾ. ಕುಂತ ಅನ್ರಿ, ಹ್ವಾದ ಅನ್ರಿ, ಎಲ್ಲಾ ಬರೋಬ್ಬರಿ." ಕಾಕಾ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಎಡಗೈ ಬೆರಳನ್ನು ಒಂದು ಸಾಲಿನ ಕೊನೆಗೆ ಒಯ್ದು ಅಚ್ಚಾದ ಪದದ ಕೆಳಗೆ ಇಟ್ಟು ತಟ್ಟಿದರು. ಕುಳಿತನು. ಮತ್ತೆ ತಟ್ಟಿದರು. ಇಲ್ಲಿ ಕುಂತ ಎಂದು ಎಲ್ಲಿದೆ ತೋರಿಸು ಎನ್ನುವ ಹಾಗೆ ನನ್ನನ್ನು ನೋಡಿದರು.



ಆಮೇಲೆ ಓದುವಾಗ ಅವರು ಬಾಯಿ ತೆರೆಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಒಂದೊಂದು ಮಾತು ಬರುತ್ತಿತ್ತು, ನೀರು, ಬ್ಯಾಡ, ಬಿಸಿ ಅದ. ಖಾಲಾ ಕೂಗಿದರೆ "ಆತ್ರಿ" ಎಂದಿದ್ದೂ ಉಂಟು. ಪುಸ್ತಕ ತೆರೆದರೆ ತುಟಿ ಹೊಲಿದಂತೆ. ನಾನು ವಾಕ್ಯ ಓದುವೆ, ಕೊನೆಯ ಪದ ಬಿಡುವೆ, ಕಾಯುವೆ. ಆ ಬಿಟ್ಟ ಜಾಗ ಬಿಟ್ಟೇ ಇರುತ್ತಿತ್ತು. ವಿಚಿತ್ರ ನೋಡಿ, ಆ ದಿನಗಳಲ್ಲಿ ನಾನು ಒಂದು ದಿನವೂ ತಪ್ಪಿಸಲಿಲ್ಲ. ನಳ ಬಂದರೆ ಗಂಡನನ್ನು ಕಳಿಸಿದೆ. ಬಸ್ಸು ತಪ್ಪಿದರೆ ಮುಂದಿನದಕ್ಕೆ ಹೋದೆ. ಓದುವ ಆದತ್ ನನಗೆ ಕೊನೆಗೂ ಬಿತ್ತು, ಕೇಳುವವರು ಬಾಯಿ ಮುಚ್ಚಿದ ಮೇಲೆ.

ಆಷಾಢದ ಹುಣ್ಣಿಮೆಗೆ ಎರಡು ದಿನ ಮೊದಲು ಕಾಕಾ ಚೀಲ ತಂದು ಬಾಗಿಲಲ್ಲಿ ಇಟ್ಟರು. "ಭಾಲ್ಕಿ," ಅಂದರು. ನಾನು ರಜೆ ಹಾಕಿ ಜೊತೆಗೆ ಹೋದೆ.

ಹುಣ್ಣಿಮೆಯ ಸಂಜೆ ವಿಹಾರದಲ್ಲಿ ಜಾಗ ಸಾಲದಷ್ಟು ಜನ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಒದ್ದೆ ಚಪ್ಪಲಿಯ ವಾಸನೆ, ಊದುಬತ್ತಿ. ಕಾಕಾ ಬರುತ್ತಲೇ ಎಲ್ಲರೂ ಎದ್ದು ನಿಂತರು. "ಗುರುಗಳು ಬಂದ್ರು, ಸರೀರಿ, ಜಾಗಾ ಬಿಡ್ರಿ." ವಂದನೆ ಮುಗಿಯಿತು. ಓದುವ ಹೊತ್ತಿಗೆ ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ನನ್ನ ಹತ್ತಿರ ಬಾಗಿ, "ಓದ್ತಾರೇನಕ್ಕಾ?" ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಕಾಕಾ ಮುಂದೆ ಹೋಗಿ ಹಲಗೆಯ ಹಿಂದೆ ಕೂತಾಗಿತ್ತು. ಸಮಿತಿಯವರು ಗ್ರಂಥವನ್ನು ತಂದು ಎದುರಿಗೆ ಇಟ್ಟು, ಬಿಳಿ ಬಟ್ಟೆ ಬಿಚ್ಚಿದರು.

ಕಾಕಾ ಹಾಳೆ ನೋಡಿದರು. ಬೆರಳು ಮೊದಲ ಸಾಲಿಗೆ ಹೋಯಿತು. ಬಾಯಿ ತೆರೆಯಿತು. ಮಳೆ ಸುರಿಯುತ್ತಲೇ ಇತ್ತು. ಹಿಂದೆ ಯಾರೋ ಕೆಮ್ಮಿದರು.

"ಅರಸನ ಮನ್ಯಾಗ," ಅಂದರು ಕಾಕಾ. ನಿಂತರು. "ಕೂಸು ಹುಟ್ಟಿತು."

"ಹೂಂ," ಅಂದಳು ಮುಂದೆ ಕೂತ ಒಬ್ಬ ಮುದುಕಿ.

"ತಾಯಿ... ತಾಯಿ ಉಳೀಲಿಲ್ಲ."

"ಅಯ್ಯ, ಪಾಪ."

"ಚಿಗವ್ವ ಎತ್ಕೊಂಡ್ಳು. ಮಗಾ ಅಂದ್ಳು. ಜ್ವಾಕಿ ಮಾಡಿದ್ಳು."

"ಹೂಂ. ಮುಂದ್ರಿ ಗುರುಗಳ?"

ನಾಲ್ಕೈದು ಹೆಂಗಸರು ಮುಂದಕ್ಕೆ ಸರಿದು ಕೂತರು. ಒಬ್ಬಳು ಕಣ್ಣು ಒರೆಸಿಕೊಂಡಳು. ಅಷ್ಟು ವರ್ಷ ಕಾಕಾ ಓದಿದ್ದನ್ನು ಆ ಹೆಂಗಸರು ಕೈಮುಗಿದು ಕೇಳುತ್ತಿದ್ದರು, ಹೀಗೆ ಮುಂದಕ್ಕೆ ಸರಿದು ಕೂತಿದ್ದನ್ನು ನಾನು ಕಂಡಿರಲಿಲ್ಲ. ಲಕ್ವಾ ಹೊಡೆದ ಮೇಲೆ ಕಾಕಾ ಇಷ್ಟು ಮಾತು ಒಟ್ಟಿಗೆ ಆಡಿದ್ದು ಅದೇ ಮೊದಲು. ಯಾರೂ ನಗಲಿಲ್ಲ. ಯಾರ ಮುಖದಲ್ಲೂ ನಗುವಿನ ನೆರಳೂ ಇರಲಿಲ್ಲ. ಆದರೆ ಕಾಕಾ ತಮ್ಮ ದನಿ ತಾವು ಕೇಳಿಸಿಕೊಂಡರು. ಬೆರಳು ಇನ್ನೂ ಮೊದಲ ಸಾಲಿನ ಮೇಲೇ ಇತ್ತು. ಅಲ್ಲಿ ಅಚ್ಚಾಗಿದ್ದದ್ದು ಬೇರೆ, ತಮ್ಮ ಬಾಯಿಂದ ಬಂದದ್ದು ಬೇರೆ. ಆ ಸಾಲನ್ನು ನೋಡುತ್ತ ಬಹಳ ಹೊತ್ತು ಕೂತರು. ಆಮೇಲೆ ಗ್ರಂಥಕ್ಕೆ ಹಣೆ ಮುಟ್ಟಿಸಿ, ಎಡಗೈಯಿಂದ ಅದನ್ನು ನನ್ನ ಕಡೆ ತಳ್ಳಿದರು.

ನಾನು ಓದಿದೆ. ತಪ್ಪಿಲ್ಲದೆ ಓದಿದೆ. ಹೋದನು, ಕುಳಿತನು, ಬಂದರು. ಮುಂದಕ್ಕೆ ಸರಿದಿದ್ದ ಹೆಂಗಸರು ಮೆಲ್ಲಗೆ ಹಿಂದಕ್ಕೆ ಸರಿದು ಕೈಮುಗಿದು ಕೂತರು.

ಮನೆಗೆ ಬರುವಾಗ ಕಾಕಿ ಕೊಡೆ ಹಿಡಿದು ಅವರ ಪಕ್ಕ ನಡೆಯುತ್ತಿದ್ದಳು. ಖುಷಿಯಲ್ಲಿದ್ದಳು. "ಎಷ್ಟು ಚೆಂದ ಅಂದ್ರಿ! ನನಗ ಇವತ್ತೇ ತಿಳೀತು ನೋಡ್ರಿ ಆ ತಾಯಿ ಸತ್ತದ್ದು, ಚಿಗವ್ವ ಸಾಕಿದ್ದು. ನಾಳಿನೂ ಹಿಂಗೇ ಓದ್ರಿ."

ಕಾಕಾ ಕೆಸರಿನಲ್ಲಿ ನಿಂತರು. ಒಂದೊಂದೇ ಪದ ಆರಿಸಿಕೊಂಡು ಹೇಳಿದರು: "ಅದು ಓದೂದಲ್ಲ. ಮಾತು."

ಎಡವಲಿಲ್ಲ, ಹುಡುಕಲಿಲ್ಲ. ಡಾಕ್ಟರರು ಕೇಳಿದ್ದರೆ ಚಪ್ಪಾಳೆ ತಟ್ಟುತ್ತಿದ್ದರೇನೋ.

ಮರುದಿನ ಸಂಜೆ ವಿಹಾರದ ಗಂಟೆ ಬಾರಿಸಿದಾಗ ಕಾಕಾ ಎದ್ದು ಹಿತ್ತಲಿಗೆ ಹೋದರು. ಅದರ ಮರುದಿನವೂ. ಬಿಳಿ ಸೀರೆಯ ಇಬ್ಬರು ಮುದುಕಿಯರು ಮನೆಗೇ ಬಂದು, "ಗುರುಗಳ, ಹಾಳಿ ನೋಡಬ್ಯಾಡ್ರಿ, ಬಾಯಿಲೇ ಹೇಳ್ರಿ, ನಾವು ಕೇಳ್ತೇವಿ," ಎಂದು ಬೇಡಿಕೊಂಡರು. ಕಾಕಾ ಅವರಿಗೆ ಚಹಾ ಕೊಡಿಸಿದರು, ತಲೆ ಅಲ್ಲಾಡಿಸಿ ಕಳಿಸಿದರು. ನನ್ನ ರಜೆ ಮುಗಿಯಿತು. ಸಮಿತಿಯವರು ಅವರಿವರಿಂದ ಓದಿಸಿದರು. ಓದುವವರು ಸಿಗದ ಸಂಜೆ ಬರೀ ವಂದನೆ ಮಾಡಿ ಎದ್ದರು. ಆ ವರ್ಷ ಗ್ರಂಥ ಮುಗಿಯಲಿಲ್ಲ. ಕೊನೆಯ ಹುಣ್ಣಿಮೆಗೆ ನಡುವಿನ ಎಷ್ಟೋ ಹಾಳೆ ಬಿಟ್ಟು ಕಡೆಯ ಪುಟ ಓದಿ ಬಟ್ಟೆ ಕಟ್ಟಿದರಂತೆ.

ಬೀದರದ ಪಡಸಾಲೆಯಲ್ಲಿ ನಾನು ಒಬ್ಬಳೇ ಓದಲು ನೋಡಿದೆ. ಬಿದ್ದ ಆದತ್ ಬಿಡಬಾರದು ಎಂದು. ಎದುರಿನ ಖುರ್ಚಿ ಖಾಲಿ. ಮನಸ್ಸಿನಲ್ಲೇ ಓದಿದರೆ ಸಾಲು ಜಾರುತ್ತದೆ, ಗಟ್ಟಿಯಾಗಿ ಓದಿದರೆ ಖಾಲಾ ಮಿಷನ್ ನಿಲ್ಲಿಸಿ ನೋಡುತ್ತಾಳೆ. ಕೆಲವು ದಿನ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ನಳ ಬಂತು, ಮರುದಿನ ಯಾಕೋ ಪುಸ್ತಕ ತೆಗೆಯಲಿಲ್ಲ, ಮೂರನೆಯ ದಿನ ನೆನಪೇ ಆಗಲಿಲ್ಲ. ಈಗಲೂ ಚೀಲದಲ್ಲಿ ಒಂದು ಪುಸ್ತಕ ಇಟ್ಟುಕೊಂಡೇ ಔರಾದಿಗೆ ಹೋಗುತ್ತೇನೆ. ಬುತ್ತಿಯ ಎಣ್ಣೆ ತಾಗಿ ಅದರ ರಟ್ಟು ಮೆತ್ತಗಾಗಿದೆ.

ಕಾಕಾ ಈಗ ಎಷ್ಟೋ ವಾಸಿ. ಮಾತು ನಿಧಾನ, ಆದರೆ ಬರುತ್ತದೆ. ಭಾಲ್ಕಿಯ ಮನೆಯ ಕಟ್ಟೆಯ ಮೇಲೆ ಕೂತು ಹೋಗುವವರನ್ನೂ ಬರುವವರನ್ನೂ ಮಾತಾಡಿಸುತ್ತಾರೆ. ಮಾಸ್ತರರಾಗಿದ್ದಾಗ ಯಾರೊಡನೆಯೂ ಇಷ್ಟು ಹರಟಿದವರಲ್ಲ. ಕಾಕಿಗೆ ಅಷ್ಟೇ ಸಾಕಾಗಿದೆ. ಅವರ ಪುಸ್ತಕಗಳೆಲ್ಲ ಅಲಮಾರಿಯಲ್ಲಿವೆ. ಧೂಳು ಒರೆಸಲು ಕಾಕಿ ಅದರ ಬಾಗಿಲು ತೆರೆದರೂ ಎದ್ದು ಹೋಗುತ್ತಾರಂತೆ.

ಕಳೆದ ಭಾನುವಾರ ಹೋಗಿದ್ದೆ. ಊಟವಾದ ಮೇಲೆ ಒಳಗೆ ಕೂತು, ಆ ಅಲಮಾರಿಯಿಂದ ಒಂದು ಪುಸ್ತಕ ತೆಗೆದು ನಾಲ್ಕು ಸಾಲು ಓದುತ್ತಿದ್ದೆ. ಹೊರಗೆ ಕಾಕಾ ಕಟ್ಟೆಯ ಮೇಲೆ ಪಕ್ಕದ ಮನೆಯ ಮುದುಕಿಯೊಂದಿಗೆ ಮಾತಾಡುತ್ತಿದ್ದರು. ಡಾಬಕಾದ ಹಳೆಯ ಸಂಗತಿ. ಮಳೆಯಲ್ಲಿ ಎಮ್ಮೆ ಕಳೆದುಹೋದದ್ದು, ಅದನ್ನು ಹುಡುಕುತ್ತ ಗಡಿ ದಾಟಿ ಮಹಾರಾಷ್ಟ್ರದ ಊರಿಗೆ ಹೋದದ್ದು, ಅಲ್ಲಿ ಯಾರೋ ಅದನ್ನು ಕಟ್ಟಿ ಹಾಲು ಕರೆಯುತ್ತಿದ್ದದ್ದು. ನನಗೆ ಈ ಕತೆ ಗೊತ್ತೇ ಇರಲಿಲ್ಲ. ಆಯಿಯೂ ಹೇಳಿರಲಿಲ್ಲ. ಕೇಳುತ್ತ ಕೇಳುತ್ತ ಎದ್ದು ಬಾಗಿಲಿಗೆ ಬಂದೆ. ಕಾಕಾ ತಿರುಗಿ ನೋಡಿದರು. ಅವರ ಕಣ್ಣು ನನ್ನ ಕೈಯಲ್ಲಿದ್ದ ಪುಸ್ತಕಕ್ಕೆ ಹೋಯಿತು. ಮಾತು ನಿಂತಿತು.

"ಆಮ್ಯಾಲ ಎಮ್ಮಿ ಏನಾತ್ರಿ?" ಎಂದು ಮುದುಕಿ ಕೇಳಿದಳು. ಕಾಕಾ ಬೀದಿಯ ಕಡೆ ಮುಖ ಮಾಡಿ ಸುಮ್ಮನೆ ಕೂತರು.

ನಾನು ಒಳಗೆ ಹೋದೆ. ಪುಸ್ತಕವನ್ನು ಅಲಮಾರಿಯಲ್ಲಿಟ್ಟು ಬಾಗಿಲು ಮುಚ್ಚಿ, ಬರಿಗೈಯಲ್ಲಿ ಹೊರಗೆ ಬಂದು ಕಟ್ಟೆಯ ಮೇಲೆ ಅವರ ಹತ್ತಿರ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಕಾಕಾ ಮತ್ತೆ ಶುರು ಮಾಡಿದರು.